ಮೇಲಿನ ತೋಟದ ಎಲೆಗಳು

ಗಂಡ ತೀರಿಕೊಂಡ ಮೇಲೆ ಬ್ರಾಡ್‌ವೇ ರಸ್ತೆಯ ಫೋಟೋ ಸ್ಟುಡಿಯೋವನ್ನು ಕಮರುನ್ನೀಸಾ ಒಬ್ಬಳೇ ನಡೆಸುತ್ತಿದ್ದಳು. ಗಾಜಿನ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮದುಮಕ್ಕಳ ಮುಖದ ಸಿಡುಬಿನ ಕಲೆ ಮಾಯ ಮಾಡುವುದರಲ್ಲಿ ಇಡೀ ದಂಡು ಪ್ರದೇಶದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

೧೯೪೩ರಲ್ಲಿ ಕಂಪನಿಯೊಂದರ ಕಾಫಿ ತೋಟ ನೋಡಿಕೊಳ್ಳುತ್ತಿದ್ದ ಬಿಳಿ ದೊರೆ ಅವಳನ್ನು ತೋಟಕ್ಕೆ ಕರೆಸಿಕೊಂಡ. ಗಿಡಗಳಿಗೆ ತುಕ್ಕು ರೋಗ ಬಡಿದಿತ್ತು. ಕಂಪನಿಗೆ ಫೋಟೋ ಕಳಿಸಬೇಕಿತ್ತು. ಔಷಧಿ ಹೊಡೆಯುವ ಆಳು ಮಾರಕ್ಕ ಒಂದೊಂದೇ ಎಲೆ ಮಗುಚಿ ಹಿಡಿದಳು. ಅಡಿಯಲ್ಲೆಲ್ಲ ಕಿತ್ತಳೆ ಬಣ್ಣದ ಪುಡಿ. ಮಾರಕ್ಕ ಔಷಧಿ ಹೊಡೆದಿದ್ದ ಕೆಳಗಿನ ತೋಟದಲ್ಲೂ ಅದೇ, ದೊರೆಯೇ ಎದುರು ನಿಂತು ಔಷಧಿ ಹೊಡೆಸಿದ್ದ ಮೇಲಿನ ತೋಟದಲ್ಲೂ ಅದೇ.

“ಯುದ್ಧ ಅಂತ ಔಷಧಿಗೆ ಹಾಕೋ ಮೈಲುತುತ್ತು ಸಿಕ್ತಿಲ್ಲ. ನೀರೇ ಜಾಸ್ತಿ ಬೆರೆಸಿ ಅಂದ್ರಮ್ಮ ದೊರೆ,” ಎಂದಳು ಮಾರಕ್ಕ.

ಹದಿನೈದು ದಿನಕ್ಕೆ ದೊರೆಯ ಗುಮಾಸ್ತ ಅಂಜನಮೂರ್ತಿ ಸ್ಟುಡಿಯೋಗೆ ಬಂದ.

“ಮೇಲಿನ ತೋಟದ ಫೋಟೋದಲ್ಲಿ ಚುಕ್ಕೆ ತೆಗೆದ್ಬಿಡಿ. ಕೆಳಗಿಂದು ಹಾಗೇ ಇರ್ಲಿ.”

“ಯಾಕೆ?”

“ತಾವು ನಿಂತು ಹೊಡೆಸಿದ ಕಡೆ ರೋಗ ಇಲ್ಲ, ಮಾರಕ್ಕ ಸರಿಯಾಗಿ ಔಷಧಿ ಹೊಡೀಲಿಲ್ಲ ಅಂತ ದೊರೆ ಕಂಪನಿಗೆ ಬರ್ದಿದಾರೆ. ಅವಳನ್ನ ಕೆಲಸದಿಂದ ತೆಗೀತಾರೆ. ಸೋಮವಾರ ಇಲ್ಲೇ ಕಂಪನಿ ಆಫೀಸಲ್ಲಿ ವಿಚಾರಣೆ.”

“ಮದುವೆ ಹುಡುಗಿ ಕಲೆ ತೆಗೆದ್ರೆ ಅವಳಿಗೆ ಒಳ್ಳೇದಾಗತ್ತೆ. ಇದನ್ನ ತೆಗೆದ್ರೆ ಒಬ್ಬಳು ಬೀದಿಗೆ ಬೀಳ್ತಾಳೆ. ನನ್ನಿಂದಾಗಲ್ಲ.”

“ಇನ್ಮೇಲೆ ಯಾವ ತೋಟದ ಕೆಲಸನೂ ನಿಮ್ಗೆ ಸಿಗಲ್ಲ.”

“ಬೇಡ ಬಿಡಿ.”

“ನೆಗೆಟಿವ್ ಪ್ಲೇಟು ನಮ್ಮವು, ಕೊಡಿ.”

ಕೊಟ್ಟಳು. ಆದರೆ ಅಷ್ಟರಲ್ಲೇ ಅವುಗಳಿಂದ ಒಂದು ಸೆಟ್ ಪ್ರಿಂಟ್ ತೆಗೆದಿಟ್ಟಿದ್ದಳು.

ಸೋಮವಾರ ಬುರ್ಖಾ ತೊಟ್ಟು ಕಂಪನಿ ಆಫೀಸಿಗೆ ಹೋದಳು. ಬಾಗಿಲಲ್ಲಿ ಜವಾನ ಅಡ್ಡ ನಿಂತ.

“ಫೋಟೋ ತೆಗೆದವಳು ನಾನು. ನನ್ನ ಬಿಟ್ಟು ಯಾರನ್ನ ಕೇಳ್ತಾರೆ?” ಎಂದು ಅವನನ್ನು ದಾಟಿ ಒಳನಡೆದಳು.

ಮೇಜಿನ ಮೇಲೆ ಮೇಲಿನ ತೋಟದ ಫೋಟೋಗಳಿದ್ದವು. ಎಲೆಗಳಲ್ಲಿ ಒಂದು ಚುಕ್ಕೆಯೂ ಇಲ್ಲ! ಬೇರೆ ಯಾರೋ ಅಳಿಸಿದ್ದರು. ಮೂಲೆಯಲ್ಲಿ ಮಾರಕ್ಕ ತಲೆ ತಗ್ಗಿಸಿ ನಿಂತಿದ್ದಳು. ಕಮರುನ್ನೀಸಾ ತನ್ನ ಪ್ರಿಂಟುಗಳನ್ನು ಪಕ್ಕದಲ್ಲೇ ಹರಡಿದಳು.

“ಇವಳಿಗೆ ಕಾಫಿ ಎಲೆಯ ಬಗ್ಗೆ ಏನು ಗೊತ್ತು?” ದೊರೆ ಇಂಗ್ಲಿಷಿನಲ್ಲಿ ರೇಗಿದ. ಅಷ್ಟು ಇಂಗ್ಲಿಷ್ ಅವಳಿಗೆ ಬರುತ್ತಿತ್ತು.

“ಎಲೆ ಬಗ್ಗೆ ಗೊತ್ತಿಲ್ಲ. ಪೆನ್ಸಿಲ್ ಬಗ್ಗೆ ಗೊತ್ತು. ಚುಕ್ಕೆ ಇಲ್ಲದ ಈ ಫೋಟೋಗೆ ಭೂತಗನ್ನಡಿ ಇಟ್ಟು ನೋಡಿ, ಪೆನ್ಸಿಲ್ ಗೀರು ಎಲೆಯ ನರ ದಾಟಿ ಹೋಗಿದೆ.”

ವಿಚಾರಣೆ ನಡೆಸುತ್ತಿದ್ದ ಕಂಪನಿಯ ಹಿರಿಯ ಅಧಿಕಾರಿ ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಮಾರಕ್ಕನ ಮೇಲಿನ ದೂರನ್ನು ಹರಿದುಹಾಕಿದ. ದೊರೆಗೆ ಶಿಕ್ಷೆಯೇನೂ ಆಗಲಿಲ್ಲ, ಬೇರೆ ತೋಟಕ್ಕೆ ವರ್ಗವಾಯಿತು ಅಷ್ಟೇ.

ಮೆಟ್ಟಿಲಿಳಿಯುವಾಗ ಮಾರಕ್ಕ ಅವಳ ಕೈ ಹಿಡಿದುಕೊಂಡಳು. “ನನ್ನಿಂದ ನಿಮ್ಗೆ ತೋಟದ ಕೆಲಸ ಹೋಯ್ತಲ್ಲಮ್ಮ.”

“ಹೋಗ್ಲಿ. ಇನ್ನೊಬ್ಬ ದೊರೆ ಹೀಗೇ ಮಾಡಿದ್ರೆ ನಂಗೆ ಹೇಳ್ಕಳ್ಸು, ಬರ್ತೀನಿ.”