ಜೀಪಿನ ಟಾಪು ಎತ್ತುವ ಮೊದಲು

ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯ ಬದಿಯ ತೋಟದಲ್ಲಿ ಜಕ್ಕಪ್ಪನ ಮನೆ. ಕಬ್ಬಿದೆ, ಕುರಿಗಳಿವೆ, ಒಂದು ಹಳೆಯ ಜೀಪಿದೆ. ಜೀಪಿನ ಮೇಲೆ ಫೈಬರಿನ ಗಟ್ಟಿ ಟಾಪು. ಮಳೆಗಾಲದಲ್ಲಿ ಅದು ಬೇಕೇ ಬೇಕು. ಬೇಸಿಗೆಯಲ್ಲಿ ಮಾತ್ರ ಅದನ್ನು ಕಳಚಿಡಬೇಕು. ಇಲ್ಲದಿದ್ದರೆ ಮೇವಿನ ಹೊರೆ ಹಿಡಿಸುವುದಿಲ್ಲ, ಕುರಿ ಹತ್ತಿಸಲು ಆಗುವುದಿಲ್ಲ.

ಎಂಬತ್ತು ಕಿಲೋ ದಾಟುವ ಆ ಟಾಪನ್ನು ಪ್ರತಿ ವರ್ಷ ನಾಲ್ಕು ಜನ ಕೈಯಿಂದಲೇ ಎತ್ತಿ ಇಳಿಸುತ್ತಿದ್ದರು. ಹೋದ ವರ್ಷ ಒಂದು ಬೋಲ್ಟು ಬಿಚ್ಚದೆ ಉಳಿದಿತ್ತು. ಟಾಪು ಒಂದು ಕಡೆ ಸಿಕ್ಕಿಕೊಂಡು ಇನ್ನೊಂದು ಕಡೆ ಜಾರಿತು. ಭಾರವೆಲ್ಲ ಜಕ್ಕಪ್ಪನ ತಮ್ಮ ಶಿವಪುತ್ರನ ಮೇಲೆ ಬಂತು. ಅವನ ಸೊಂಟ ಹಿಡಿದುಕೊಂಡಿತು. ಎರಡು ತಿಂಗಳು ಹಾಸಿಗೆಯಲ್ಲೇ ಕಳೆದ. ಎದ್ದ ಮೇಲೂ ಇಡೀ ದಿನ ಹಿಂಡಿನ ಹಿಂದೆ ನಡೆಯಲು ಆಗಲಿಲ್ಲ. ಕುರಿಯ ದನಿ ಕೇಳಿಯೇ ಇಂಥದ್ದು ಎಂದು ಹೇಳುತ್ತಿದ್ದ ಮನುಷ್ಯ, ಬೇರೆಯವರು ಹಿಂಡು ಹೊಡೆದುಕೊಂಡು ಹೋಗುವುದನ್ನು ಕಟ್ಟೆಯ ಮೇಲೆ ಕೂತು ನೋಡುವಂತಾಯಿತು. ಆ ದಿನದ ಬಗ್ಗೆ ಅಣ್ಣ ತಮ್ಮ ಒಮ್ಮೆಯೂ ಮಾತಾಡಲಿಲ್ಲ.

ಈ ವರ್ಷ ಜಕ್ಕಪ್ಪ ಜಮಖಂಡಿಯಿಂದ ಚೈನ್ ಪುಲ್ಲಿ ತಂದ. ಗ್ಯಾರೇಜುಗಳಲ್ಲಿ ಇಂಜಿನ್ ಎತ್ತಲು ಇದನ್ನೇ ಬಳಸುತ್ತಾರೆ. ಸರಪಳಿ ಜಗ್ಗಿದಂತೆ ಭಾರ ಮೇಲೇರುತ್ತದೆ. ತಂದವನೇ ಅದನ್ನು ಶೆಡ್ಡಿನ ಪತ್ರಾಸು, ಅಂದರೆ ಚಾವಣಿಯ ತಗಡು, ಹೊತ್ತ ಪೈಪಿಗೆ ನೇತುಹಾಕಿದ.

ಅವನ ಹೆಂಡತಿ ಲಗಮವ್ವನಿಗೆ ಅದು ಸರಿಬರಲಿಲ್ಲ. ಶೇಂಗಾ ಸುಲಿಯಲು ಅವಳು ಕೂಡುವುದು ಅದೇ ಜಾಗದಲ್ಲಿ. ಸುಮ್ಮನಿರದೆ ವೈಶಾಲಿಗೆ ಫೋನ್ ಮಾಡಿದಳು. ವೈಶಾಲಿ ಜಕ್ಕಪ್ಪನ ಅಕ್ಕನ ಮಗಳು. ಐಟಿಐ ಕಲಿತು ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದಾಳೆ. ರಜೆಯ ದಿನ ಬೆಳಿಗ್ಗೆಯೇ ಸ್ಕೂಟಿ ಹತ್ತಿ ಬಂದಳು.

“ಮಾಮಾ, ಇದನ್ನ ಎದಕ್ಕ ಹಾಕೀರಿ?”

“ಪೈಪಿಗೆ. ಕಬ್ಬಿಣದ ಪೈಪ ಐತಿ, ಏನಾಗ್ತೈತಿ? ಇಲ್ನೋಡು, ಅರ್ಧ ಟನ್ ಅಂತ ಬರದಾರ. ನಮ್ಮ ಟಾಪು ಒಂದ ಕ್ವಿಂಟಲ್ ಸೈತ ಇಲ್ಲ.”

“ಅದು ಪುಲ್ಲಿ ತಾಕತ್ತರಿ. ಪೈಪಿನ ತಾಕತ್ತ ಎಲ್ಲಿ ಬರದಾರ?”

“ಹತ್ತ ವರ್ಷ ಆತು, ಪತ್ರಾಸ ಹೊತ್ತ ನಿಂತೈತಿ.”

“ಪತ್ರಾಸ ಹೊರಾಕಂತನ ಹಾಕಿದ್ದ ಅದು. ಒಂದ ಜಾಗಾದಾಗ ತೂಗೂ ಭಾರ ಬ್ಯಾರೇನ ಇರತೈತಿ. ನನ್ನ ಮಾತ ನಂಬೂದ ಬ್ಯಾಡ್ರಿ. ನೀರ ತುಂಬಿ ನೋಡೂಣು.”

ಜಕ್ಕಪ್ಪ ನಕ್ಕ. “ಆತು, ನೋಡೇ ಬಿಡೂಣು.”

ವೈಶಾಲಿ ಇನ್ನೂರು ಲೀಟರಿನ ಖಾಲಿ ಬ್ಯಾರಲ್ಲನ್ನು ಪುಲ್ಲಿಗೆ ತೂಗಿಹಾಕಿದಳು. ನೆಲದಿಂದ ಒಂದು ಗೇಣಿನಷ್ಟೇ ಮೇಲೆ. ಹರಿದುಬಿದ್ದರೂ ಯಾರಿಗೂ ಏನೂ ಆಗಬಾರದು. ನಳಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ ಬ್ಯಾರಲ್ಲಿಗೆ ನೀರು ಬಿಟ್ಟಳು. ಎಲ್ಲರನ್ನೂ ಅಂಗಳಕ್ಕೆ ಸರಿಸಿ ನಿಲ್ಲಿಸಿದಳು.

ಬ್ಯಾರಲ್ಲು ಮೂರರಲ್ಲಿ ಒಂದು ಪಾಲು ತುಂಬಿತು. ಟಾಪಿನ ತೂಕ ಹೆಚ್ಚುಕಡಿಮೆ ಅಷ್ಟೇ. ಶೆಡ್ಡು ಕಿರ್ ಎಂದಿತು. ಪೈಪು ಬಿಲ್ಲಿನಂತೆ ಬಾಗಿತು. ತಗಡಿನ ಎರಡು ಸ್ಕ್ರೂ ಕಿತ್ತು ಬಂದವು. ಬ್ಯಾರಲ್ಲು ಇಳಿದು ನೆಲಕ್ಕೆ ಕೂತಿತು.

ಲಗಮವ್ವ ಬಾಗಿದ ಪೈಪಿನ ಕಡೆ ಕೈ ತೋರಿಸಿ, “ನಾ ದಿನಾ ಅಲ್ಲೇ ಕುಂಡ್ರತೇನಿ,” ಎಂದಳು.

ಜಕ್ಕಪ್ಪ ಹೋಗಿ ನಳ ಬಂದ್ ಮಾಡಿದ. “ಹಂಗಾದ್ರ ಏನ್ ಮಾಡೂಣು, ಹೇಳವಾ.”

“ಎರಡ ಕಂಬ, ಮ್ಯಾಲ ಅಡ್ಡ ಒಂದ ಕಬ್ಬಿಣದ ಗರ್ಡರ್. ಕಂಬದ ಬುಡಕ್ಕ ಕಾಂಕ್ರೀಟ್. ಭಾರದ ಲೆಕ್ಕ ಗೊತ್ತಿದ್ದ ವೆಲ್ಡರ್ ಕಡೆಯಿಂದನ ಮಾಡಸ್ರಿ.”

ಹಾಗೇ ಮಾಡಿಸಿದರು. ಕಾಂಕ್ರೀಟಿಗೆ ನೀರು ಹೊಡೆಯುತ್ತ, ಅದು ಗಟ್ಟಿಯಾಗುವವರೆಗೆ ಹದಿನೈದು ದಿನ ಕಾದರು. ವೈಶಾಲಿ ಮತ್ತೆ ಬಂದು ಪುಲ್ಲಿಯನ್ನು ಗರ್ಡರಿಗೆ ಹಾಕಿ, ಈ ಸಲ ಟಾಪಿನ ಎರಡು ಪಟ್ಟು ಭಾರವಾಗುವಷ್ಟು ನೀರು ತೂಗಿ ನೋಡಿದಳು. ಗರ್ಡರ್ ಅಲುಗಲಿಲ್ಲ.

ಜೀಪನ್ನು ಅದರ ಕೆಳಗೆ ನಿಲ್ಲಿಸಿ ಬೋಲ್ಟು ಬಿಚ್ಚಿದರು. ಹಿಂದಿನ ದೀಪದ ವೈರು ಕಳಚಿದರು. “ಎಲ್ಲಾ ಆತು, ಎತ್ತೂಣು,” ಎಂದ ಜಕ್ಕಪ್ಪ.

ದೂರ ನಿಂತಿದ್ದ ಶಿವಪುತ್ರ ಹತ್ತಿರ ಬಂದ. “ಇನ್ನೊಂದೈತಿ. ಹಿಂದಿನ ಮೂಲ್ಯಾಗ, ರಬ್ಬರಿನ ಕೆಳಗ. ನನ್ನ ಕೆಡವಿದ್ದು ಅದ.”

ವೈಶಾಲಿ ರಬ್ಬರು ಸರಿಸಿ ನೋಡಿದಳು. ಬೋಲ್ಟು ಅಲ್ಲಿತ್ತು. ಅದನ್ನೂ ಬಿಚ್ಚಿದಳು.

ಜಕ್ಕಪ್ಪ ತಮ್ಮನ ಮುಖ ನೋಡಿದ. “ಎಣಸೂಣು ತಡಿ ಅಂತ ಆವತ್ತ ನೀ ಹೇಳಿದ್ದಿ. ನಾನ ಅವಸರ ಮಾಡಿದ್ನಿ. ತಪ್ಪ ನಂದು.”

“ಆತು ಬಿಡಣ್ಣಾ,” ಎಂದ ಶಿವಪುತ್ರ. ಸರಪಳಿಯ ಕಡೆ ನೋಡಿ ಕೇಳಿದ: “ಸರಪಳಿ ನಾ ಜಗ್ಗಲಿ?”

ಜಕ್ಕಪ್ಪ ವೈಶಾಲಿಯ ಕಡೆ ತಿರುಗಿದ. “ಜಗ್ರಿ ಸಣ್ಣ ಮಾಮಾ,” ಎಂದಳು ಅವಳು. “ಬಾಗೂದ ಬ್ಯಾಡ. ನೆಟ್ಟಗ ನಿಂತ, ಒಂದ ಕಡೆ ಸರದ ಜಗ್ರಿ. ನೋವ ಅನಿಸಿದ್ರ ಬಿಟ್ಟಬಿಡ್ರಿ.”

ಟಾಪಿನ ನಾಲ್ಕು ಮೂಲೆಗೆ ನಾಲ್ಕು ಅಗಲ ಬೆಲ್ಟು ಹಾಕಿ ಪುಲ್ಲಿಯ ಕೊಕ್ಕೆಗೆ ಸಿಕ್ಕಿಸಿದ್ದರು. ಶಿವಪುತ್ರ ಸರಪಳಿ ಜಗ್ಗಿದ. ಟಾಪು ನಾಲ್ಕು ಬೆರಳು ಎದ್ದಿತು. “ನಿಂದರ್ರಿ,” ಎಂದು ವೈಶಾಲಿ ಸುತ್ತ ನೋಡಿದಳು. ಮುಂಭಾಗ ತುಸು ವಾಲಿತ್ತು. ಇಳಿಸಿ, ಬೆಲ್ಟು ಸರಿಮಾಡಿ, ಮತ್ತೆ ಎತ್ತಿಸಿದಳು. ಈ ಸಲ ಸಮವಾಗಿ, ಜೀಪು ಹೊರಬರುವಷ್ಟು ಎತ್ತರಕ್ಕೆ ಎದ್ದಿತು.

ಜಕ್ಕಪ್ಪ ಜೀಪನ್ನು ಹೊರಗೆ ತರಲೆಂದು ಅದನ್ನು ಹತ್ತಹೋದ. ವೈಶಾಲಿ ಕೈ ಅಡ್ಡ ಹಿಡಿದಳು. “ತೂಗಾಡೂ ಭಾರದ ಕೆಳಗ ಯಾರೂ ಹೋಗೂದ ಬ್ಯಾಡ್ರಿ. ಜೀಪು ನ್ಯೂಟ್ರಲ್ ಒಳಗನ ಐತಿ. ಹಗ್ಗ ಕಟ್ಟಿ ಮುಂದಿಂದ ಜಗ್ಗೂಣು.”

ಜಗ್ಗಿದರು. ಟಾಪಿಲ್ಲದ ಜೀಪು ಅಂಗಳಕ್ಕೆ ಬಂದು ನಿಂತಿತು. ಗಾಲಿಗೆ ಕಲ್ಲು ಕೊಟ್ಟರು. ಲಗಮವ್ವ ಮರದ ಸ್ಟ್ಯಾಂಡಿನ ಮೇಲೆ ಎರಡು ಹಳೆಯ ಕೌದಿ ಹಾಸಿ ಇಟ್ಟಿದ್ದಳು. ಅದನ್ನು ಹೊರಗಿನಿಂದಲೇ ಉದ್ದನೆಯ ಕೋಲಿನಿಂದ ಟಾಪಿನ ಕೆಳಗೆ ತಳ್ಳಿದರು. ಶಿವಪುತ್ರ ಸರಪಳಿ ಬಿಡುತ್ತ ಬಂದಂತೆ ಟಾಪು ಕೌದಿಯ ಮೇಲೆ ಮೆಲ್ಲಗೆ ಕೂತಿತು.

“ಇಲ್ಲೇ ಮ್ಯಾಲ ತೂಗಬಿಟ್ರ ಜಾಗಾ ಉಳೀತಿತ್ತಲ್ಲ?” ಎಂದ ಜಕ್ಕಪ್ಪ.

“ಪುಲ್ಲಿ ಇರೂದು ಎತ್ತಿ ಇಳಸಾಕ ಮಾಮಾ, ತಿಂಗಳಗಟ್ಲೆ ತೂಗಬಿಡಾಕಲ್ಲ. ಗ್ವಾಡಿಗೂ ಆನಿಸಿ ನಿಂದ್ರಸಬ್ಯಾಡ್ರಿ, ಗಾಳಿಗೆ ಬೀಳತೈತಿ. ಹಿಂಗ ಮಲಗಿಸಿ, ಹಗ್ಗ ಬಿಗದು, ಮ್ಯಾಲ ಅರಿವಿ ಮುಚ್ರಿ.” ಬೋಲ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅದೇ ಸ್ಟ್ಯಾಂಡಿಗೆ ಕಟ್ಟಿದಳು.

ಲಗಮವ್ವ ಮೈದುನನಿಗೆ ನೀರು ಕೊಡುತ್ತ, “ನಡ ಹೆಂಗೈತಿ?” ಎಂದು ಕೇಳಿದಳು.

“ನಡಕ್ಕ ಗೊತ್ತಽ ಆಗ್ಲಿಲ್ಲ ವೈನಿ,” ಎಂದ ಶಿವಪುತ್ರ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ಮಧ್ಯಾಹ್ನ ಅಣ್ಣ ತಮ್ಮ ಇಬ್ಬರೂ ಜೀಪು ಹತ್ತಿ ಮೇವು ತರಲು ಹೋದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಜೀಪಿನ ಟಾಪು ಇರಬಹುದು, ಇಲ್ಲವೇ ಮೋಟಾರು, ಇಂಜಿನ್ನು ಇರಬಹುದು. ನಾಲ್ಕು ಜನ ಸೇರಿದರೆ ಆಯಿತು ಎಂದು ಕೈ ಹಾಕಬೇಡಿ. ಪುಲ್ಲಿ ತಂದರಷ್ಟೇ ಸಾಲದು. ಅದನ್ನು ಎಲ್ಲಿ ನೇತುಹಾಕುತ್ತೀರಿ ಎಂಬುದನ್ನು ಮೊದಲು ನೋಡಿ. ಬೋಲ್ಟು ಎಣಿಸಿ. ನಾಲ್ಕು ಬೆರಳು ಎತ್ತಿ, ನಿಂತು ನೋಡಿ. ತೂಗುವ ಭಾರದ ಕೆಳಗೆ ಒಂದು ಕೈಯೂ ಹೋಗದಿರಲಿ. ಎಳ್ಳಷ್ಟು ಅನುಮಾನ ಬಂದರೂ ಕೆಲಸ ನಿಲ್ಲಿಸಿ, ತಿಳಿದವರನ್ನು ಕರೆಸಿ. ಕೆಲಸ ನಾಳೆ ಆದರೂ ನಡೆಯುತ್ತದೆ.