ಆರು ಗಂಟೆಯ ಪಾಠ

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಆರಕ್ಕೆ ಸರಿಯಾಗಿ ಮಾವ ತಮ್ಮ ಕೋಣೆಯ ಹೊಸ್ತಿಲ ಒಳಗೆ ನಿಂತು ಕೂಗಿದರು.

"ಟೈಮಾಯ್ತಮ್ಮ. ಮೇಷ್ಟ್ರಿಲ್ಲ ಅಂತ ಸ್ಕೂಲು ಮುಚ್ಚಕ್ಕಾಗತ್ತಾ?"

ಮೇಷ್ಟ್ರು ಎಂದರೆ ನನ್ನ ಗಂಡ, ಈ ಮನೆಯ ಮಟ್ಟಿಗೆ. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತವರು ಏಳಲಿಲ್ಲ. ಮೂವತ್ತೆಂಟು ವರ್ಷ.

ಮಾವನಿಗೆ ಪಾರ್ಕಿನ್‌ಸನ್ ಕಾಯಿಲೆ. ಕೈ ನಡುಗುವುದು ಕಡಿಮೆ, ಕಾಲಿನ ಹಠ ಜಾಸ್ತಿ. ಹಜಾರದಲ್ಲಿ ಹೇಗೋ ನಡೆಯುವ ಕಾಲು ಹೊಸ್ತಿಲು ಕಂಡೊಡನೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಇವರು ದಿನಾ ಆರಕ್ಕೆ, ಸ್ಟಾಪ್‌ವಾಚ್ ಹಿಡಿದು, ಅಪ್ಪನಿಂದ ಹತ್ತು ಸಲ ಹೊಸ್ತಿಲು ದಾಟಿಸುತ್ತಿದ್ದರು. ಎಂಟರ ಮಾತ್ರೆಗೂ ಮುಂಚೆ. "ಮಾತ್ರೆ ಇಲ್ದೆ ಕಲಿತ್ರೆ ಗಟ್ಟಿಯಾಗತ್ತೆ" ಎನ್ನುವುದು ಅವರ ವಾದ. ಕಾಪಿ ಹೊಡೆಯದೆ ಪರೀಕ್ಷೆ ಬರೆದ ಹಾಗೆ.

ನಾನು ಗುಂಡಿ ಒತ್ತಿದೆ. ಮಾವ ಹೊಸ್ತಿಲನ್ನು ದುರುಗುಟ್ಟಿ ನೋಡಿದರು. ಹೊಸ್ತಿಲೂ ಅವರನ್ನು ನೋಡಿತು. ದಾಟುವಷ್ಟರಲ್ಲಿ ನಾಲ್ಕು ನಿಮಿಷ. ಪಾಠ ಶುರುವಾದ ಚಳಿಗಾಲದಲ್ಲಿ ಒಂದೇ ನಿಮಿಷ ಸಾಕಾಗುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಐದಾಯಿತು. ಹೀಗೇ ಹೋದರೆ ಮಾವ ಕೋಣೆಯಿಂದ ಹೊರಬರುವುದನ್ನೇ ಬಿಟ್ಟುಬಿಡುತ್ತಾರೆ ಎಂದು ಹೆದರಿ ಡಾಕ್ಟರಿಗೆ ಫೋನ್ ಮಾಡಿ ಆರು ಗಂಟೆಯ ಪಾಠದ ವಿಷಯ ಹೇಳಿದೆ.

"ಮಾತ್ರೆಗೆ ಮುಂಚೆ ಯಾಕಮ್ಮ ಅವರನ್ನ ಗೋಳು ಹೊಯ್ಕೋತೀರಾ?" ಎಂದರು.

ಆಗ ತಲೆ ಕೆಲಸ ಮಾಡಿತು. ಎಂ.ಎಸ್ಸಿ.ಯಲ್ಲಿ ನರಕೋಶಗಳ ಬಗ್ಗೆಯೇ ಓದಿದವಳು ನಾನು. ಗೊತ್ತಿದ್ದದ್ದು ಇಷ್ಟು ದಿನ ಎಲ್ಲಿ ಮಲಗಿತ್ತೋ. ಈಗ ಅದನ್ನು ಮಾವನಿಗೆ ಹೇಳಬೇಕು. ಹೇಳಿದರೆ ಮಗ ತಪ್ಪು ಮಾಡಿದ ಎಂದ ಹಾಗಾಗುತ್ತದೆ. ಅವರಿಗೆ ಮಗನಿಂದ ಉಳಿದಿದ್ದು ಆ ಆರು ಗಂಟೆ ಒಂದೇ.

"ನಾಳೆಯಿಂದ ಒಂಬತ್ತಕ್ಕೆ ಮಾಡೋಣ ಮಾವ. ಮಾತ್ರೆ ಹತ್ತಿದ ಮೇಲೆ."

"ಅವನು ಹೇಳಿದ್ದು ಆರಕ್ಕೆ."

"ಡೋಪಮೈನ್ ಅಂತ ಒಂದಿದೆಯಲ್ಲ, ತಲೆಯೊಳಗೆ..."

"ಗೊತ್ತು ಬಿಡು. ಪೆಟ್ರೋಲು. ನನ್ನ ಟ್ಯಾಂಕಲ್ಲಿ ಖಾಲಿ."

"ಬರೀ ಪೆಟ್ರೋಲಲ್ಲ ಮಾವ. ಪಕ್ಕದ ಸೀಟಲ್ಲಿ ಕೂರೋ ಮೇಷ್ಟ್ರೂ ಹೌದು."

ಮಾವ ತಲೆಯೆತ್ತಿದರು. ಮೂವತ್ತೈದು ವರ್ಷ ಅವರು ಡ್ರೈವಿಂಗ್ ಶಾಲೆಯಲ್ಲಿ ಆ ಸೀಟಿನಲ್ಲೇ ಕೂತವರು, ಕಾಲ ಕೆಳಗೆ ತಮ್ಮದೇ ಒಂದು ಬ್ರೇಕ್ ಇಟ್ಟುಕೊಂಡು.

"ಕಾಲು ಸರಿಯಾಗಿ ಎತ್ತಿದ್ರೆ, 'ಇದು ಸರಿ, ನೆನಪಿಟ್ಕೋ' ಅನ್ನೋದು ಅದೇ. ಅದಿಲ್ದಾಗ ಹೆಜ್ಜೆ ಹಾಕಕ್ಕೆ ಹೋದ್ರೆ, 'ಇದು ಆಗಲ್ಲ, ಬೇಡ' ಅಂತ ಮಿದುಳು ಕಲಿಯುತ್ತೆ. ಇಲಿಗಳಲ್ಲಿ ಹಾಗೆ ಕಂಡಿದ್ದಾರೆ. ನಮ್ಮಲ್ಲೂ ಹಾಗೇ ಇರಬಹುದು ಅಂತಾರೆ. ಆಮೇಲೆ ಮಾತ್ರೆ ಕೊಟ್ರೂ ಕಲಿತಿದ್ದು ತಟ್ಟನೆ ಹೋಗಲ್ಲ."

ಮಾವ ಬಹಳ ಹೊತ್ತು ಗಲ್ಲ ಕೆರೆದುಕೊಂಡರು.

"ಸೋದರಮಾವನ ಹತ್ರ ಕಾರು ಕಲಿತು ಬರ್ತಿದ್ರಲ್ಲ ಕೆಲವು ಗಿರಾಕಿಗಳು! ಕೂತ ತಕ್ಷಣ ಬ್ರೇಕ್ ಮೇಲೆ ಕಾಲು. ಅದನ್ನ ಬಿಡಿಸೋದ್ರಲ್ಲಿ ನನಗೆ ಸಾಕುಸಾಕಾಗ್ತಿತ್ತು." ನನ್ನತ್ತ ತಿರುಗಿದರು, "ಅಂದ್ರೆ ನನ್ನ ಮಗ ಆರು ತಿಂಗಳು ನನಗೆ ಬ್ರೇಕ್ ಕಲಿಸಿದ?"

ನಾನು ನೀರಿನ ಲೋಟವನ್ನು ಅವರ ಹತ್ತಿರ ಸರಿಸಿದೆ.

"ಸೋದರಮಾವಂದಿರೂ ಕೆಟ್ಟವರಲ್ಲಮ್ಮ. ಪ್ರೀತಿ ಜಾಸ್ತಿ, ಲೈಸೆನ್ಸ್ ಇಲ್ಲ, ಅಷ್ಟೆ." ಕಣ್ಣೊರೆಸಿಕೊಂಡರು. "ಒಂಬತ್ತಕ್ಕೇ ಇಟ್ಕೋ."

ಸ್ಟಾಪ್‌ವಾಚನ್ನು ಎತ್ತಿಡಲು ಹೋದಾಗ ಅದರ ಬೆನ್ನು ನೋಡಿದೆ. 'ಶಾಲೆ, ಆಟದ ಕೋಣೆ, 7' ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಇದು ನಮ್ಮದೇ ಅಲ್ಲ, ಹತ್ತಿರದ ಶಾಲೆಯಿಂದ ಇವರು ಕೇಳಿ ತಂದದ್ದು.

ಮೊದಲ ನಾಲ್ಕು ದಿನ ಮಾತ್ರೆ ಹತ್ತಿದರೂ ಕಾಲು ಮೇಲೇಳಲಿಲ್ಲ. "ಹಳೇ ಪಾಠ, ಬಾಯಿಪಾಠ ಆಗ್ಬಿಟ್ಟಿದೆ" ಎಂದು ಮಾವ ಕಾಲಿಗೇ ಬೈದರು. ನಾನು ಗಡಿಯಾರ ಹಿಡಿಯಲಿಲ್ಲ, ಹತ್ತು ಸಲ ಎಂದೂ ಹೇಳಲಿಲ್ಲ. ಸರಿಯಾಗಿ ಒಂದು ಸಲ ಎತ್ತಿದರೆ ಸಾಕು, ಅಲ್ಲಿಗೆ ಶಾಲೆ ಬಿಟ್ಟಂತೆ. ಏಳನೆಯ ದಿನ ಎರಡು ಸಲ. ಹತ್ತೊಂಬತ್ತನೆಯ ದಿನ, "ಉಪ್ಪು ಅನ್ನೋದು ಈ ಮನೇಲಿ ಶೋಕಿಗೆ ಇಟ್ಟಿದೀಯಾ?" ಎಂದು ತಟ್ಟೆ ಹಿಡಿದು ಅಡುಗೆಮನೆಗೇ ಬಂದರು. ಎರಡು ಹೊಸ್ತಿಲು. ಅವರಿಗೆ ಗೊತ್ತಾಗಲಿಲ್ಲ. ನಾನೂ ಹೇಳದೆ ಉಪ್ಪು ಕೊಟ್ಟೆ.

ಮರುದಿನ ಹತ್ತಕ್ಕೆ ಇಬ್ಬರೂ ನಡೆದೇ ಶಾಲೆಗೆ ಹೋದೆವು. ಎರಡು ತಿರುವು, ಒಂದು ರಸ್ತೆ. ಮಾವ ದಾರಿಯುದ್ದಕ್ಕೂ ಬೇರೆಯವರ ಪಾರ್ಕಿಂಗ್‌ಗೆ ಅಂಕ ಹಾಕುತ್ತಿದ್ದರು. ಯಾರೂ ಪಾಸಾಗಲಿಲ್ಲ. ಗೇಟಿನ ಕಂಬ ಹಿಡಿದು ದಣಿವಾರಿಸಿಕೊಂಡರು. ನಾನೊಬ್ಬಳೇ ಆಟದ ಕೋಣೆಗೆ ಹೋದೆ.

ಆಟದ ಮೇಷ್ಟ್ರು ಚೆಂಡಿಗೆ ಗಾಳಿ ತುಂಬುತ್ತಿದ್ದರು. ಸ್ಟಾಪ್‌ವಾಚ್ ನೋಡಿ ಅವರ ಮುಖ ಅರಳಿತು.

"ಅಬ್ಬಾ, ಬಂತಾ! ಎರಡು ದಿನಕ್ಕೆ ಅಂತ ತಗೊಂಡು ಹೋದವರು. ಯಾರನ್ನೋ ಓಟಕ್ಕೆ ತಯಾರು ಮಾಡ್ತಿದೀನಿ ಅಂದಿದ್ರು. ಯಾಕೆ, ಅವರು ಬರಲಿಲ್ವಾ?"

"ತೀರಿಕೊಂಡರು. ತಿಂಗಳಾಯ್ತು."

ಪಂಪು ನಿಂತಿತು. ಅವರು ಎದ್ದು ರಿಜಿಸ್ಟರ್ ತೆಗೆದರು. ಆಮೇಲೆ ಮೆಲ್ಲಗೆ, "ಅವರ ಆ ಓಟಗಾರ?"

"ನಮ್ಮ ಮಾವ. ಕಾಲು ಏಳದ ಕಾಯಿಲೆ. ಮನೆಯಿಂದ ನಡೆದೇ ಬಂದ್ರು" ಎಂದು ಕಿಟಕಿಯಿಂದ ಗೇಟು ತೋರಿಸಿದೆ. ಮಾವ ಯಾರೋ ಸ್ಕೂಟರಿನವನಿಗೆ 'ಎಡಕ್ಕೆ, ಇನ್ನೂ ಎಡಕ್ಕೆ' ಎನ್ನುತ್ತಿದ್ದರು.

"ಮನೆಯಿಂದ ನಡೆದು ಬಂದ್ರಾ! ಎಷ್ಟು ಹೊತ್ತು ಹಿಡೀತು?"

"ನೋಡಲಿಲ್ಲ ಸರ್" ಎಂದು ನನ್ನ ಗಂಡನ ಸಹಿಯ ಪಕ್ಕ, 'ವಾಪಸ್' ಎಂಬ ಖಾಲಿ ಮನೆಯಲ್ಲಿ ಸಹಿ ಹಾಕಿದೆ.