ಕಟ್ಟದ ಹಲಗೆ

ನೆನೆದು ಉಬ್ಬಿದ ಮರವನ್ನು ಯಾರೋ ಮೆಲ್ಲಗೆ ಎಳೆದಂತೆ, ಕಿರ್ರ್ ಎಂದು ಒಂದು ಸಣ್ಣ ಸದ್ದು. ಅದರ ಬೆನ್ನಿಗೇ ನೀರು ಹರಿಯುವ ಸದ್ದು.

ಸುರಕ್ಷಾ ಕತ್ತಲಲ್ಲಿ ಕೂತು ಉತ್ತರಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಸಂಜೆಯೇ ಕರೆಂಟು ಹೋಗಿತ್ತು. ದೀಪವಿಲ್ಲದ ಕಾರಣ ಅವಳು ಮಲಗಿದ್ದಾಳೆಂದೇ ಮನೆಯವರು ತಿಳಿದಿದ್ದರು. ಫೆಬ್ರವರಿಯ ರಾತ್ರಿ ನೆರಿಯ ಊರಿನ ಆ ಮನೆಗೆ ನೀರಿನ ಸದ್ದು ಕೇಳಿಸಬಾರದು. ಮಳೆ ಹಿಂದೆ ಸರಿದ ಮೇಲೆ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ತುಂಬಿ ಕಟ್ಟ ಹಾಕುತ್ತಾರೆ. ಆಮೇಲೆ ನೀರು ನಿಲ್ಲುತ್ತದೆ, ಹರಿಯುವುದಿಲ್ಲ. ಕಟ್ಟದ ನಡುವೆ ಒಂದು ಹಲಗೆ ಇದೆ. ಅದನ್ನು ಎತ್ತಿದರೆ ಮಾತ್ರ ನೀರು ಕೆಳಗಿನ ಮನೆಯ ಗದ್ದೆಗೆ ಇಳಿಯುತ್ತದೆ. ಆ ಹಲಗೆಯನ್ನು ಎತ್ತುವುದಿಲ್ಲವೆಂದು ಅವಳ ಅಪ್ಪ ಚಿನ್ನಯ್ಯ ಇಡೀ ಊರಿಗೆ ಕೇಳುವಂತೆ ಸಾರಿ ವರ್ಷಗಳೇ ಆಗಿದ್ದವು.

ಯಾರೋ ಕಟ್ಟ ಒಡೆದರು ಎಂದುಕೊಂಡಳು. ಅಪ್ಪನನ್ನು ಎಬ್ಬಿಸಲು ಹೋದರೆ ಅಪ್ಪನ ಚಾಪೆ ಖಾಲಿ. ಅವಳು ಚಪ್ಪಲಿ ಹಾಕದೆ ಹಿಂಬಾಗಿಲಿನಿಂದ ಇಳಿದು, ತೋಡಿನ ದಂಡೆಯ ಹಲಸಿನ ಮರದ ಮರೆಗೆ ಬಂದು ನಿಂತಳು.

ಹಲಗೆ ಎತ್ತಿದ್ದವನು ಅಪ್ಪನೇ. ಲುಂಗಿ ಮೇಲೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಆಚೆ ದಂಡೆಯಲ್ಲಿ ಟಾರ್ಚನ್ನು ನೆಲಕ್ಕೆ ಹಿಡಿದು ಇನ್ನೊಬ್ಬರು ನಿಂತಿದ್ದರು. ಬಿಳಿ ಪಂಚೆ, ಸ್ವಲ್ಪ ಬಾಗಿದ ಬೆನ್ನು. ಕೆಳಗಿನ ಮನೆಯ ಸನತ್‌ಕುಮಾರರು.

ಹಿಂದೆ ಈ ಎರಡು ಮನೆಯವರು ಸೇರಿ ಕಟ್ಟ ಹಾಕಿ, ದಂಡೆಯ ಮೇಲೆ ಕೂತು ಬೆಲ್ಲ ಕಚ್ಚಿ ನೀರು ಕುಡಿಯುತ್ತಿದ್ದರಂತೆ. ಆಮೇಲೆ ದಾರಿಯ ತಕರಾರು ಬಂತು. ಮೇಲಿನ ಮನೆಯಿಂದ ಬಸ್ಸಿನ ರಸ್ತೆಗೆ ಹೋಗುವ ಹತ್ತಿರದ ದಾರಿ ಕೆಳಗಿನ ಮನೆಯ ಜಾಗದಲ್ಲಿತ್ತು. ಸನತ್‌ಕುಮಾರರ ದಾಯಾದಿಗಳು ಅಲ್ಲಿ ಗೇಟು ಇಟ್ಟು ಬೀಗ ಹಾಕಿಸಿದರು. ಮುಂಬೈಯಲ್ಲಿ ಹೋಟೆಲು ಇಟ್ಟಿರುವ ಸುರಕ್ಷಾಳ ದೊಡ್ಡಪ್ಪ ಫೋನಿನಲ್ಲೇ ಕೂಗಾಡಿ ಇಲ್ಲಿ ನೀರು ನಿಲ್ಲಿಸಿದರು. ಬೆಳ್ತಂಗಡಿ ಕೋರ್ಟಿನಲ್ಲಿ ಕೇಸು ಇನ್ನೂ ತೂಗುತ್ತಿದೆ. "ಒಂದೇ ಒಂದು ಸಲ ನೀರು ಬಿಟ್ಟದ್ದು ಗೊತ್ತಾದರೂ ಅವರ ಹಕ್ಕು ಒಪ್ಪಿಕೊಂಡ ಹಾಗೆ ಆಗ್ತದೆ, ಚಿನ್ನಯ್ಯಣ್ಣ," ಎಂದಿದ್ದರು ವಕೀಲರು. ಗೇಟಿನ ವಿಷಯದಲ್ಲಿ ಆಚೆಯ ವಕೀಲರೂ ಇದನ್ನೇ ಹೇಳಿರಬೇಕು.

ತೋಡಿನ ಬಳಿಯ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮಾತು ಬಿಟ್ಟವರು ಈ ಊರಿನಲ್ಲಿ ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡಿದರು. ಚಿನ್ನಯ್ಯ ಜೊತೆಗೆ ಬಂದಿದ್ದ ನಾಯಿಯ ಕಡೆ ತಿರುಗಿ, "ನಾಳೆ ಮಗಳಿಗೆ ಮೇಲ್ಕಾರಿನಲ್ಲಿ ಪರೀಕ್ಷೆ ಉಂಟಂತೆ ಮಾರಾಯ. ಬೆಳಗ್ಗಿನ ಮೊದಲ ಬಸ್ಸಿಗೆ ಹೋಗ್ತಾಳಂತೆ," ಎಂದ.

ಸನತ್‌ಕುಮಾರರು ಟಾರ್ಚನ್ನು ಅಂಗೈಗೆ ತಟ್ಟಿ ಅದಕ್ಕೇ ಹೇಳಿದರು, "ಆ ಗೇಟಿನ ಬೀಗಕ್ಕೆ ತುಕ್ಕು ಹಿಡಿದುಂಟು. ಕೆಲವು ಬೆಳಗ್ಗೆ ಹಾಕಿದರೂ ಬೀಳುವುದೇ ಇಲ್ಲ, ದರಿದ್ರದ್ದು."

"ನಾಯಿಗೆ ಕೋರ್ಟಿನ ತಾರೀಕು ನೆನಪುಂಟಾ? ಬರುವ ಸೋಮವಾರ," ಎಂದ ಚಿನ್ನಯ್ಯ.

"ಈ ಟಾರ್ಚಿಗೆ ಆ ದಿನ ಜ್ವರ ಬರ್ತದೆ. ವಾಯಿದೆ ತೆಗೆದುಕೊಳ್ತದೆ."

ಕತ್ತಲಲ್ಲಿ ಇಬ್ಬರೂ ನಕ್ಕ ಹಾಗೆ ಕೇಳಿಸಿತು. ಕೆಮ್ಮಿಯೂ ಇರಬಹುದು. ಹಲಗೆಯ ಕೆಳಗಿನಿಂದ ನೀರು ಹೋಗುತ್ತಲೇ ಇತ್ತು. ಸುರಕ್ಷಾ ಮರಕ್ಕೆ ಒರಗಿದಳು. ದೇವರ ಗರ್ಭಗುಡಿಯ ಬಾಗಿಲು ಅನಿರೀಕ್ಷಿತವಾಗಿ ತೆರೆದಾಗ ಕೈ ತಾನೇ ಮುಗಿಯುತ್ತದಲ್ಲ, ಹಾಗೆ ಅವಳ ಕೈಗಳು ತಮ್ಮಷ್ಟಕ್ಕೇ ಎದೆಯ ಹತ್ತಿರ ಬಂದಿದ್ದವು.

ಬೆಳಗ್ಗೆ ಗೇಟಿನ ಬಳಿ ಬಂದಾಗ ಬೀಗ ಬಾಯಿ ತೆರೆದು ಸರಪಳಿಯಲ್ಲಿ ನೇತಾಡುತ್ತಿತ್ತು. ಕೋಚಿಂಗಿಗೆ ಹೋಗುವ ಪ್ರತಿ ಮುಂಜಾನೆಯೂ ಹೀಗೆಯೇ ಇರುತ್ತಿತ್ತು. ಮುದುಕರು ಮರೆತಿದ್ದಾರೆಂದುಕೊಂಡು, ಕಳ್ಳಿಯ ಹಾಗೆ ಅತ್ತಿತ್ತ ನೋಡಿ, ಅವಳು ಇಷ್ಟು ದಿನ ನುಸುಳಿ ಹೋಗುತ್ತಿದ್ದಳು. ದೇಶ ದೇಶಗಳ ನಡುವಿನ ಒಪ್ಪಂದಗಳನ್ನು ಕಲಂ ಸಹಿತ ಹೇಳಬಲ್ಲವಳು ಮನೆ ಹತ್ತಿರದ ಗೇಟಿನ ಬೀಗವನ್ನು ಮರೆವೆಂದು ಓದಿಕೊಂಡಿದ್ದಳು! ಇಂದು ಅವಳು ನುಸುಳಲಿಲ್ಲ. ನಿಧಾನವಾಗಿ ದಾಟಿ, ಗೇಟನ್ನು ಹಿಂದಕ್ಕೆ ಎಳೆದಳು.

ಮೇಲ್ಕಾರಿನ ಕೋಚಿಂಗ್ ಕೇಂದ್ರದಲ್ಲಿ ಅಂದು ನಾಗರಿಕ ಸೇವಾ ಪರೀಕ್ಷೆಯ ಅಣಕು ಸಂದರ್ಶನ. ನಿಜವಾದದ್ದು ದಿಲ್ಲಿಯಲ್ಲಿ, ಮುಂದಿನ ತಿಂಗಳು. ಹಿಂದಿನ ಬಾರಿಯೂ ಸುರಕ್ಷಾ ಲಿಖಿತ ಪರೀಕ್ಷೆಗಳನ್ನೆಲ್ಲ ದಾಟಿ ಅಲ್ಲಿಯವರೆಗೆ ಹೋಗಿ, ಸಂದರ್ಶನದ ಅಂಕ ಕಡಿಮೆಯಾಗಿ ಬರಿಗೈಯಲ್ಲಿ ಬಂದಿದ್ದಳು. ವಯಸ್ಸಿನ ಮಿತಿ ಮುಗಿಯುತ್ತಿತ್ತು. ಇನ್ನೊಂದು ಅವಕಾಶವಿರಲಿಲ್ಲ.

ಮೇಜಿನ ಆಚೆ ಕೂತಿದ್ದವರು ಮೂಡುಬಿದಿರೆಯ ಮನೋರಮಾ ಮೇಡಂ. ಢಾಕಾ, ಕಠ್ಮಂಡುಗಳ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೂಲೆಯಲ್ಲಿ ಕೇಂದ್ರದ ಹುಡುಗ ರಂಜಿತ್ ಕ್ಯಾಮೆರಾ ಹಿಡಿದಿದ್ದ. ಪ್ರತಿ ಸಂದರ್ಶನವೂ ಸಂಜೆಯೊಳಗೆ ಯೂಟ್ಯೂಬಿಗೆ ಏರುತ್ತಿತ್ತು. ಕೇಂದ್ರದ ಹೆಸರು ನಡೆಯುತ್ತಿದ್ದದ್ದೇ ಅದರಿಂದ.

"ಸಿಂಧೂ ನದಿ ಒಪ್ಪಂದವನ್ನು ಈಗ ತಡೆಹಿಡಿದಿದ್ದಾರೆ," ಎಂದರು ಮೇಡಂ. "ಅದು ಇರಲಿ. ಮೊದಲು ಯುದ್ಧಗಳೇ ಆದರೂ ಅದು ಒಡೆಯಲಿಲ್ಲ. ಯಾಕೆ?"

ಸುರಕ್ಷಾ ಹೇಳಿದಳು. ಮೂರು ನದಿ ಅವರಿಗೆ, ಮೂರು ನಮಗೆ, ವಿಶ್ವಬ್ಯಾಂಕಿನ ಮಧ್ಯಸ್ಥಿಕೆ, ಎರಡೂ ಕಡೆಯ ಆಯುಕ್ತರು. ಒಂದು ಕಡೆಯೂ ತಡವರಿಸಲಿಲ್ಲ.

"ಉತ್ತರ ಸರಿ ಉಂಟು," ಮೇಡಂ ಪೆನ್ನು ಕೆಳಗಿಟ್ಟರು. "ಆದರೆ ಹೊರಗೆ ಕೂತವರೆಲ್ಲ ಇದನ್ನೇ ಹೇಳ್ತಾರೆ. ದಿಲ್ಲಿಯಲ್ಲಿ ಅಂಕ ಬೀಳುವುದು ಇದಕ್ಕಲ್ಲ ಮಗಾ. ಜಗಳವನ್ನೂ ಬಿಡದೆ, ನೀರನ್ನೂ ನಿಲ್ಲಿಸದೆ ಇರುವ ಇಬ್ಬರನ್ನು ನೀವು ಎಲ್ಲಿಯಾದರೂ ಕಣ್ಣಾರೆ ಕಂಡದ್ದುಂಟಾ? ಅದನ್ನು ಹೇಳಿ."

ಬಾಯಿಯ ತುದಿಗೆ ಬಂತು. ನಾಯಿ, ಟಾರ್ಚು, ತುಕ್ಕು ಹಿಡಿದ ಬೀಗ. ಹೇಳಿದರೆ ಈ ಕೋಣೆ ಎದ್ದು ನಿಲ್ಲುತ್ತದೆ, ದಿಲ್ಲಿಯ ಕೋಣೆಯೂ ನಿಲ್ಲುತ್ತದೆ. ಕ್ಯಾಮೆರಾದ ಕೆಂಪು ಚುಕ್ಕೆ ಅವಳನ್ನೇ ನೋಡುತ್ತಿತ್ತು. ಸಂಜೆಗೆ ಈ ವಿಡಿಯೊ ಮುಂಬೈಯ ದೊಡ್ಡಪ್ಪನ ಫೋನಿಗೆ, ನಾಳೆಗೆ ಇಬ್ಬರು ವಕೀಲರ ಫೋನಿಗೆ. ನಾಡಿದ್ದಿನಿಂದ ಕಟ್ಟದ ಮೇಲೆ ಕಾವಲು.

"ಕಂಡಿಲ್ಲ, ಮೇಡಂ," ಎಂದಳು. "ಆದರೆ ಒಂದು ಊಹೆ ಉಂಟು. ಅಂಥವರು ಇದ್ದರೆ ಅವರು ಅದನ್ನು ಯಾವತ್ತೂ ಒಪ್ಪಿಕೊಳ್ಳಲಿಕ್ಕಿಲ್ಲ. ಒಪ್ಪಿಕೊಂಡರೆ ಅದು ಹಕ್ಕಾಗ್ತದೆ, ಹಕ್ಕಾದ ಮೇಲೆ ಕಾವಲು ಕಾಯಬೇಕಾಗ್ತದೆ. ಹೊರಗೆ ಜೋರಾಗಿ ಜಗಳ ಆಡುವುದೇ ಒಳಗಿನ ಮಾತನ್ನು ಉಳಿಸಲಿಕ್ಕೆ ಇರಬಹುದು."

ಮನೋರಮಾ ಮೇಡಂ ಪೆನ್ನನ್ನು ಮತ್ತೆ ಎತ್ತಿಕೊಂಡರು. "ಉದಾಹರಣೆ ಕೊಟ್ಟರೆ ಇದು ಚಿನ್ನದಂಥ ಉತ್ತರ. ಇಲ್ಲದಿದ್ದರೆ ಗಾಳಿಯಲ್ಲಿ ನಿಲ್ತದೆ. ಅಲ್ಲಿ ಕೇಳಿಯೇ ಕೇಳ್ತಾರೆ. ಯೋಚನೆ ಮಾಡಿ."

ಬಸ್ಸಿನುದ್ದಕ್ಕೂ ಅವಳು ಯೋಚಿಸಿದಳು. ದಿಲ್ಲಿಯಲ್ಲಿ ಕ್ಯಾಮೆರಾ ಇರುವುದಿಲ್ಲ. ಊರ ಹೆಸರು ತೆಗೆದು ಹೇಳಬಹುದು. ಆದರೆ ಅವಳ ಅರ್ಜಿಯಲ್ಲಿ ಊರೂ ಇದೆ, ಅಪ್ಪನ ಹೆಸರೂ ಇದೆ. ಮೇಲಾಗಿ ಆಯ್ಕೆಯಾದವರನ್ನು ಅಲ್ಲಿ ಏನು ಕೇಳಿದರು, ನೀವೇನು ಹೇಳಿದಿರಿ ಎಂದು ಪತ್ರಿಕೆಯವರು ಮನೆ ಬಾಗಿಲಿಗೇ ಬಂದು ಕೇಳುತ್ತಾರೆ.

ನೆರಿಯದಲ್ಲಿ ಇಳಿದಾಗ ಚಹಾದಂಗಡಿಯಿಂದ ಅಪ್ಪನ ಗಂಟಲು ರಸ್ತೆಗೆ ಕೇಳಿಸುತ್ತಿತ್ತು. "ಒಂದು ತೊಟ್ಟು ಬಿಡ್ಲಿಕ್ಕಿಲ್ಲ! ಅವರ ಗದ್ದೆಯಲ್ಲಿ ಆಮೆ ಒಣಗಿ ಸತ್ತರೂ ಬಿಡ್ಲಿಕ್ಕಿಲ್ಲ!" ಅದೇ ಹೊತ್ತಿಗೆ ದಾಟುತ್ತಿದ್ದ ಸನತ್‌ಕುಮಾರರು ಕೊಡೆಯನ್ನು ಅಡ್ಡ ಹಿಡಿದು, "ಥೂ, ಈ ಊರಿನಲ್ಲಿ ನಾಯಿಗಳ ಕಾಟ!" ಎಂದು ಹೋದರು. ಅಂಗಡಿಯವರೆಲ್ಲ ಚಪ್ಪಾಳೆ ತಟ್ಟದೆ ಬಿಟ್ಟದ್ದೇ ಹೆಚ್ಚು. ನಾಯಿ ಎಂಬ ಮಾತಿಗೆ ಅಪ್ಪನ ಮೀಸೆ ಒಮ್ಮೆ ಕದಲಿದ್ದನ್ನು ಸುರಕ್ಷಾ ಮಾತ್ರ ನೋಡಿದಳು. ಅವಳಿಗೆ ನಗು ಬರಬೇಕಿತ್ತು. ಬದಲಿಗೆ ಕಣ್ಣು ತುಂಬಿತು. ಇಷ್ಟು ದೊಡ್ಡದನ್ನು ಇಷ್ಟು ಸಲೀಸಾಗಿ ಹೊತ್ತುಕೊಂಡು ಈ ಇಬ್ಬರು ದಿನವೂ ನಡೆಯುತ್ತಿದ್ದರಲ್ಲ!

ಹಗಲಿನ ಗೇಟಿಗೆ ಬೀಗ ಬಿದ್ದಿತ್ತು. ಸುತ್ತು ದಾರಿ ಹಿಡಿದು ಮನೆ ಸೇರಿದಳು.

"ಎಂಥ ಕೇಳಿದ್ರು ಮಗಾ?" ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ.

"ನದಿ ನೀರಿನ ವಿಷಯ."

ಚಿನ್ನಯ್ಯನ ಕೈ ಬಟ್ಟಲಲ್ಲಿ ಒಂದು ಕ್ಷಣ ನಿಂತಿತು. "ನೀನು ಎಂಥ ಹೇಳಿದೆ?"

"ಪುಸ್ತಕದಲ್ಲಿ ಇದ್ದದ್ದು."

"ಅಷ್ಟು ಸಾಕಾಗ್ತದಾ?"

"ಗೊತ್ತಿಲ್ಲ ಅಪ್ಪ. ಇನ್ನೂ ಚೆನ್ನಾಗಿ ಓದ್ತೇನೆ."

"ಓದು, ಓದು. ಎಷ್ಟು ಹೊತ್ತಾದರೂ ಓದು," ಎಂದವನು ಕಿಟಕಿಯ ಕಡೆ, ತೋಡಿನ ಕಡೆ, ಒಮ್ಮೆ ನೋಡಿದ.

ಆಗ ಅವಳಿಗೆ ಹೊಳೆಯಿತು. ಎಷ್ಟು ರಾತ್ರಿ ಅವಳ ದೀಪ ಆರುವುದನ್ನೇ ಕಾಯುತ್ತ ಈ ಮನುಷ್ಯ ಚಾಪೆಯ ಮೇಲೆ ಕಣ್ಣು ಬಿಟ್ಟು ಮಲಗಿರಬೇಕು. ಕೆಳಗೆ ಟಾರ್ಚು ಹಿಡಿದು ಇನ್ನೊಬ್ಬರೂ ಕಾದಿರಬೇಕು.

ಸುರಕ್ಷಾ ಕೋಣೆಗೆ ಹೋಗಿ, ತೆರೆದಿಟ್ಟ ಪುಸ್ತಕವನ್ನು ಮುಚ್ಚಿದಳು. ನಸುಕಿಗೆ ಎದ್ದು ಓದಿದರಾಯಿತು. ದಿಲ್ಲಿಯಲ್ಲಿ ಆ ಪ್ರಶ್ನೆ ಬಂದರೆ ಉತ್ತರ ಗಾಳಿಯಲ್ಲೇ ನಿಲ್ಲಲಿ. ಬೀಳುವುದಾದರೆ ಅವಳ ಅಂಕ ಬೀಳಲಿ, ಹಲಗೆ ಬೀಳುವುದು ಬೇಡ. ಆ ಸಂದರ್ಶನ ಮಂಡಳಿಗೂ ಅಲ್ಲ, ಅಮ್ಮನಿಗೂ ಅಲ್ಲ, ತನಗೆ ಗೊತ್ತೆಂದು ಅಪ್ಪನಿಗೂ ಅಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು, ಅವಳು ಬೇಗನೆ ದೀಪ ಆರಿಸಿದಳು.